ಸ್ಲೈಡಿನ ಮೇಲಿನ ಕೆಂಪು ಹನಿಗಳು

14 ನವೆಂಬರ್ 2024, ಗುರುವಾರ

ಇವತ್ತು ಕೊನೆಗೂ ಕೊಬ್ಬಿನ ಹನಿಗಳಿಗೆ ಕೆಂಪು ಹಿಡಿಯಿತು.

ಹೋದ ವಾರದ ಪೆದ್ದುತನವನ್ನು ಮೊದಲು ಬರೆದುಬಿಡುತ್ತೇನೆ. ಕೊಲೆಸ್ಟರಾಲ್ ತಿನ್ನಿಸಿದ ಮೊಲದ ಮಹಾಧಮನಿಯ ಚೂರು ಅದು. ಬೇರೆಲ್ಲ ಚೂರುಗಳ ಹಾಗೇ ಅದನ್ನೂ ಆಲ್ಕೋಹಾಲ್, ಝೈಲೀನ್, ಆಮೇಲೆ ಮೇಣ ಅಂತ ಸಾಗಹಾಕಿದ್ದೆ. ಬಣ್ಣ ಹಾಕಿ ನೋಡಿದರೆ ಏನೂ ಇಲ್ಲ. ಜೀವಕೋಶಗಳ ಒಳಗೆ ಬರೀ ತೂತು. ಕೊಬ್ಬೆಲ್ಲ ಝೈಲೀನ್‌ನಲ್ಲಿ ಕರಗಿ ಹೋಗಿತ್ತು. ಕೊಬ್ಬು ಹುಡುಕಲು ಹೊರಟ ನಾನೇ ಅದನ್ನು ತೊಳೆದು ಚೆಲ್ಲಿದ್ದೆ. ಪಕ್ಕದ ಬೆಂಚಿನವರು ನಗಲಿಲ್ಲ, ಅದೇ ಪುಣ್ಯ.

ಈ ಕೋಶಗಳಿಗೆ ಫೋಮ್ ಸೆಲ್, ಅಂದರೆ ನೊರೆಕೋಶ ಎಂಬ ಹೆಸರು ಯಾಕೆ ಅಂತ ಆ ತೂತುಗಳನ್ನು ನೋಡಿದ ಮೇಲೆ ಸರಿಯಾಗಿ ತಲೆಗೆ ಹೋಯಿತು. ಹನಿ ಇದ್ದ ಜಾಗವೆಲ್ಲ ಗುಳ್ಳೆ ಗುಳ್ಳೆ. ಥೇಟ್ ಸೋಪಿನ ನೊರೆ.

ಈ ಸಲ ಮೇಣದ ಸಹವಾಸಕ್ಕೇ ಹೋಗಲಿಲ್ಲ. ಚೂರನ್ನು ಹೆಪ್ಪುಗಟ್ಟಿಸಿ, ಸೊನ್ನೆಗಿಂತ 20 ಡಿಗ್ರಿ ಕೆಳಗೆ, 10 ಮೈಕ್ರಾನ್ ದಪ್ಪಕ್ಕೆ ಸೀಳಿದೆ. ಆಮೇಲೆ ಆಯಿಲ್ ರೆಡ್ ಓ. ಈ ಬಣ್ಣಕ್ಕೆ ನೀರು ಬೆರೆಸಿದ ಆಲ್ಕೋಹಾಲ್‌ನಲ್ಲಿ ಇರಲು ಅಷ್ಟು ಇಷ್ಟವಿಲ್ಲ. ಕೊಬ್ಬು ಕಂಡರೆ ಸಾಕು, ಹೋಗಿ ಅದರೊಳಗೆ ಸೇರಿಕೊಳ್ಳುತ್ತದೆ. ಸ್ಲೈಡ್ ಇಟ್ಟು ಫೋಕಸ್ ತಿರುಗಿಸಿದೆ. ಒಂದು ಕೋಶ ಸಿಕ್ಕಿತು. ನೀಲಿ ನ್ಯೂಕ್ಲಿಯಸ್ ಮೂಲೆಗೆ ಒತ್ತರಿಸಿಕೊಂಡಿದೆ. ಉಳಿದ ಜಾಗದಲ್ಲೆಲ್ಲ ಕೆಂಪು ಮಣಿಗಳು. ಎಣಿಸಲು ಹೋಗಿ ನಲವತ್ತರ ಹತ್ತಿರ ಲೆಕ್ಕ ತಪ್ಪಿತು.

1913ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ರೋಗಶಾಸ್ತ್ರಜ್ಞ ನಿಕೊಲಾಯ್ ಅನಿಚ್ಕೋವ್ ನೋಡಿದ್ದೂ ಇದನ್ನೇ. ಸೂರ್ಯಕಾಂತಿ ಎಣ್ಣೆಯಲ್ಲಿ ಕೊಲೆಸ್ಟರಾಲ್ ಕರಗಿಸಿ ಮೊಲಗಳಿಗೆ ತಿನ್ನಿಸಿದರು. ರಕ್ತನಾಳದ ಗೋಡೆಯಲ್ಲಿ ಕೊಬ್ಬಿನ ಹನಿ ತುಂಬಿದ ಕೋಶಗಳು ಕಂಡವು. ಹುಲ್ಲು ತಿನ್ನುವ ಪ್ರಾಣಿಗೆ ಕೊಲೆಸ್ಟರಾಲ್ ತುರುಕಿದರೆ ಇನ್ನೇನಾಗುತ್ತದೆ ಅಂತ ಆಕ್ಷೇಪಿಸಿದವರೂ ಇದ್ದರು. ಅವರ ಮಾತಿನಲ್ಲೂ ಹುರುಳಿತ್ತು ಅನ್ನಿ.

ಈ ಕೋಶಗಳಲ್ಲಿ ಹೆಚ್ಚಿನವು ಮ್ಯಾಕ್ರೋಫೇಜ್‌ಗಳು, ಅಂದರೆ ನಮ್ಮ ರೋಗನಿರೋಧಕ ಪಡೆಯವೇ. (ಎಲ್ಲವೂ ಅಲ್ಲ. ಗೋಡೆಯ ಸ್ನಾಯುಕೋಶಗಳೂ ಹೀಗೆ ಜಿಡ್ಡು ತುಂಬಿಕೊಳ್ಳುತ್ತವೆ.) ರಕ್ತದಲ್ಲಿ ಕೊಲೆಸ್ಟರಾಲ್ ಹೊತ್ತು ತಿರುಗುವ ಎಲ್‌ಡಿಎಲ್ ಕಣಗಳು ಗೋಡೆಯೊಳಗೆ ಸಿಕ್ಕಿಕೊಂಡು ಕೆಡುತ್ತವೆ. ಕಸ ಗುಡಿಸಲು ಮ್ಯಾಕ್ರೋಫೇಜ್‌ಗಳು ಬರುತ್ತವೆ. ಸಿಕ್ಕಿದ್ದನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳುತ್ತವೆ.

ಆದರೆ ಇಷ್ಟೊಂದು ಯಾಕೆ ನುಂಗಬೇಕು? ಅಮೆರಿಕದ ವಿಜ್ಞಾನಿಗಳಾದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೂ ಇದೇ ಒಗಟು. ಕೋಶಕ್ಕೆ ಕೊಲೆಸ್ಟರಾಲ್ ಸಾಕಾದಾಗ ಅದು ಎಲ್‌ಡಿಎಲ್ ಒಳಗೆ ಬರುವ ತನ್ನ ಬಾಗಿಲುಗಳನ್ನು ಕಡಿಮೆ ಮಾಡುತ್ತದೆ ಎಂದು ತೋರಿಸಿದವರೇ ಅವರು. ಹುಟ್ಟಿನಿಂದಲೇ ಆ ಬಾಗಿಲು ಇಲ್ಲದ ರೋಗಿಗಳಿದ್ದಾರೆ. ಅವರ ಮ್ಯಾಕ್ರೋಫೇಜ್‌ಗಳೂ ಕೊಲೆಸ್ಟರಾಲ್‌ನಿಂದ ಊದಿಕೊಂಡಿರುತ್ತವೆ. ಹಾಗಾದರೆ ಒಳಗೆ ಬಂದದ್ದು ಎಲ್ಲಿಂದ? 1979ರಲ್ಲಿ ಉತ್ತರ ಸಿಕ್ಕಿತು. ಎಲ್‌ಡಿಎಲ್‌ನ ರೂಪ ಸ್ವಲ್ಪ ಬದಲಿಸಿ ಕೊಟ್ಟರೆ ಮ್ಯಾಕ್ರೋಫೇಜ್ ಅದನ್ನು ಇನ್ನೊಂದು ಬಾಗಿಲಿಂದ ಎಳೆದುಕೊಳ್ಳುತ್ತದೆ. ಆ ಬಾಗಿಲಿಗೆ ಹೊಟ್ಟೆ ತುಂಬಿದ್ದು ಗೊತ್ತೇ ಆಗುವುದಿಲ್ಲ. ಮುಚ್ಚುವುದೂ ಇಲ್ಲ.

ಸರಿ, ಹಾಗಾದರೆ ಈ ಕೆಂಪು ಹನಿಯೇ ಕಳ್ಳ ಅಲ್ವಾ? ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ.

ಕೋಶಕ್ಕೆ ವಿಷವಾಗುವುದು ಯಾವುದಕ್ಕೂ ಕಟ್ಟಿಕೊಳ್ಳದ ಬಿಡಿ ಕೊಲೆಸ್ಟರಾಲ್. ಅದು ಜಾಸ್ತಿಯಾದರೆ ಕೋಶದ ಒಳಪೊರೆಗಳು ಬಿಗಿದುಕೊಳ್ಳುತ್ತವೆ, ಕೆಲಸ ಕೆಡುತ್ತದೆ, ಕೋಶ ಸಾಯುತ್ತದೆ. ಅದಕ್ಕೇ ಏಕ್ಯಾಟ್ ಎಂಬ ಕಿಣ್ವ ಪ್ರತಿ ಕೊಲೆಸ್ಟರಾಲ್ ಅಣುವಿಗೂ ಒಂದು ಕೊಬ್ಬಿನಾಮ್ಲದ ಬಾಲ ಕಟ್ಟಿ ಹನಿಯೊಳಗೆ ಇಡುತ್ತದೆ. ಹನಿ ಅಂದರೆ ಕೋಶ ತನ್ನನ್ನು ತಾನು ಉಳಿಸಿಕೊಳ್ಳಲು ಮಾಡಿಕೊಂಡ ಉಗ್ರಾಣ. ಅದೂ ಬೀಗ ಜಡಿದ ಉಗ್ರಾಣವಲ್ಲ. ಒಂದು ಕಡೆ ಬಾಲ ಬಿಚ್ಚುತ್ತಿರುತ್ತಾರೆ, ಇನ್ನೊಂದು ಕಡೆ ಕಟ್ಟುತ್ತಿರುತ್ತಾರೆ, ಹಗಲೂ ರಾತ್ರಿ.

ಹನಿಯೇ ಆಗದಂತೆ ತಡೆದರೆ ರೋಗವೂ ನಿಲ್ಲುತ್ತದೆ ಎಂಬ ಲೆಕ್ಕದಲ್ಲಿ ಏಕ್ಯಾಟ್ ತಡೆಯುವ ಮದ್ದುಗಳು ಬಂದವು. ಪ್ಯಾಕ್ಟಿಮೈಬ್ ಅದರಲ್ಲೊಂದು. 400ಕ್ಕೂ ಹೆಚ್ಚು ಹೃದ್ರೋಗಿಗಳಿಗೆ 18 ತಿಂಗಳು ಕೊಟ್ಟು ನೋಡಿದರು. 2006ರಲ್ಲಿ ಫಲಿತಾಂಶ ಬಂತು. ಪ್ಲಾಕ್, ಅಂದರೆ ಧಮನಿಯ ಗೋಡೆಯಲ್ಲಿ ಕಟ್ಟಿದ ಜಿಡ್ಡಿನ ಗಡ್ಡೆ, ಕರಗಲಿಲ್ಲ. ಕೆಲವು ಅಳತೆಗಳಲ್ಲಿ ಮದ್ದು ತೆಗೆದುಕೊಳ್ಳದವರೇ ವಾಸಿ ಎನ್ನುವಂತಾಯಿತು. ಉಗ್ರಾಣ ಮುಚ್ಚಿಸಿದರು, ಬರುವ ಸರಕನ್ನು ನಿಲ್ಲಿಸಲಿಲ್ಲ. ಇನ್ನೇನಾದೀತು?

ನನ್ನ ಮಟ್ಟಿಗೆ ನೋಡಬೇಕಾದ್ದು ಹಿಂಬಾಗಿಲನ್ನು. ಎಬಿಸಿಎ1 ಎಂಬ ಪಂಪು ಕೊಲೆಸ್ಟರಾಲನ್ನು ಹೊರಗೆ ತಳ್ಳುತ್ತದೆ. ಹೊರಗೆ ಒಂದು ಪ್ರೋಟೀನ್ ಅದನ್ನು ಹೊತ್ತುಕೊಂಡು ಹೊರಟಾಗಲೇ ಎಚ್‌ಡಿಎಲ್ ಕಣ ಹುಟ್ಟುವುದು. ಈ ಪಂಪು ಕೆಟ್ಟರೆ ಏನಾಗುತ್ತದೆ ಅಂತ ನೋಡಲು ಸೂಕ್ಷ್ಮದರ್ಶಕವೂ ಬೇಡ, ಬಾಯಿ ತೆರೆಸಿದರೆ ಸಾಕು. ಅಮೆರಿಕದ ವರ್ಜೀನಿಯಾದ ಟ್ಯಾಂಜಿಯರ್ ದ್ವೀಪದ ಹೆಸರು ಹೊತ್ತ ಕಾಯಿಲೆ ಅದು. ರಕ್ತದಲ್ಲಿ ಎಚ್‌ಡಿಎಲ್ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಟಾನ್ಸಿಲ್ ಮಾತ್ರ ದೊಡ್ಡದಾಗಿ, ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ. ಅಲ್ಲಿನ ಮ್ಯಾಕ್ರೋಫೇಜ್‌ಗಳು ನುಂಗಿದ್ದನ್ನು ಹೊರಗೆ ಕಳಿಸಲಾರದೆ ತುಂಬಿ ಕೂತಿರುತ್ತವೆ. ಕಾರಣ ಈ ಪಂಪಿನ ಜೀನ್ ಅಂತ ಗೊತ್ತಾಗಿದ್ದು 1999ರಲ್ಲಿ.

ಧಮನಿಯಲ್ಲಿ ಪಂಪು ಇದ್ದರೂ ಬರುವುದು ಹೋಗುವುದಕ್ಕಿಂತ ಜಾಸ್ತಿ. ವರ್ಷಗಟ್ಟಲೆ. ಒಂದು ದಿನ ಉಗ್ರಾಣ ಸಾಲದಾಗುತ್ತದೆ. ಬಿಡಿ ಕೊಲೆಸ್ಟರಾಲ್ ಹರಳುಗಟ್ಟುತ್ತದೆ. ಆ ಹರಳು ಕೋಶದೊಳಗೆ ಉರಿಯೂತದ ಗಂಟೆ ಬಾರಿಸುತ್ತದೆ ಅಂತ 2010ರಲ್ಲಿ ಗೊತ್ತಾಯಿತು. ಸತ್ತ ನೊರೆಕೋಶವನ್ನು ಎತ್ತಲು ಇನ್ನೊಂದು ಮ್ಯಾಕ್ರೋಫೇಜ್ ಬರಬೇಕು. ಅದಕ್ಕೂ ಹೊಟ್ಟೆ ತುಂಬಿದೆ. ಹೀಗೆ ಪ್ಲಾಕಿನ ನಡುವೆ ಜಿಡ್ಡಿನ ರಾಡಿ, ಮೇಲೊಂದು ತೆಳು ಮುಚ್ಚಳ. ಅದು ಹರಿದರೆ ರಕ್ತ ಹೆಪ್ಪುಗಟ್ಟುತ್ತದೆ, ನಾಳ ಕಟ್ಟುತ್ತದೆ.

ಸಂಜೆ ಹೊರಡುವ ಮುಂಚೆ ಸುಮ್ನೆ ಕುತೂಹಲಕ್ಕೆ ಬಣ್ಣ ಹಾಕದ ಒಂದು ಸ್ಲೈಡನ್ನು, ಬೆಳಕು ಸೋಸುವ, ಒಂದಕ್ಕೊಂದು ಅಡ್ಡ ಇಟ್ಟ ಎರಡು ಪೋಲರೈಸರ್‌ಗಳ ನಡುವೆ ಇಟ್ಟೆ. ಪೂರ್ತಿ ಕತ್ತಲೆ. ಸ್ವಲ್ಪ ಸರಿಸಿದೆ. ಒಂದು ಹನಿ ಹೊಳೆಯಿತು, ಬೆಳಕಿನ ನಾಲ್ಕು ದಳ, ನಡುವೆ ಕಪ್ಪು ಶಿಲುಬೆ. ಬಾಲ ಕಟ್ಟಿದ ಕೊಲೆಸ್ಟರಾಲ್ ಹನಿಯಲ್ಲಿ ಸಾಲಾಗಿ ಜೋಡಿಸಿಕೊಂಡಾಗ ಹೀಗೆ ಕಾಣುತ್ತದೆ, ಮಾಮೂಲಿ ಕೊಬ್ಬಿನ ಹನಿಯಲ್ಲಿ ಕಾಣುವುದಿಲ್ಲ. ಇನ್ನೂ ಸರಿಸಿದೆ. ಗೋಡೆಯುದ್ದಕ್ಕೂ ಅವೇ, ನೂರಾರು. ದೀಪ ಆರಿಸಲು ಬಂದವರನ್ನು ಕರೆದು ತೋರಿಸಿದೆ. ಅವರು ಒಂದು ಕಣ್ಣು ಮುಚ್ಚಿ ನೋಡಿ, "ಚೆನ್ನಾಗಿದೆಯಲ್ಲ, ಯಾವ ಹೂವು ಇದು?" ಅಂದರು.