ಕ್ಲಾರಾ ಫ್ರಾನ್ಸಿಸ್‌ನ ಶಿಷ್ಯೆ ತಾನೆ?

ಸಂತ ಕ್ಲಾರಾ ಬಗ್ಗೆ ಮಾತು ತೆಗೆದಾಗಲೆಲ್ಲ ಯಾರಾದರೂ ಇದನ್ನು ಕೇಳಿಯೇ ಕೇಳುತ್ತಾರೆ. ಬಡತನವನ್ನೇ ವ್ರತವಾಗಿ ಹಿಡಿದ ಇಟಲಿಯ ಸಂತ, ಅಸ್ಸೀಸಿಯ ಫ್ರಾನ್ಸಿಸ್ ಹೇಳಿದ, ಈಕೆ ಮಾಡಿದಳು, ಅಷ್ಟೇ ಅಲ್ವಾ? ಅವಳದೇ ಅಂತ ಏನಿದೆ?

ಶಿಷ್ಯೆ ಹೌದು. ತಾನು ಫ್ರಾನ್ಸಿಸ್ ನೆಟ್ಟ ಪುಟ್ಟ ಗಿಡ ಅಂತ ಅವಳೇ ಬರೆದುಕೊಂಡಿದ್ದಾಳೆ. ಆದರೆ ನೆಟ್ಟವನು 1226ರಲ್ಲೇ ತೀರಿಕೊಂಡ. ಆಮೇಲೆ 27 ವರ್ಷ ಆ ಗಿಡ ನಿಂತದ್ದು ತನ್ನ ಬೇರಿನ ಮೇಲೆಯೇ.

1212ರ ಸುಮಾರಿಗೆ, ಈಸ್ಟರ್‌ಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರದ ರಾತ್ರಿ, ಹದಿನೆಂಟರ ಆಸುಪಾಸಿನ ಈ ಸಿರಿವಂತರ ಮನೆ ಹುಡುಗಿ ಹೇಳದೆ ಕೇಳದೆ ಮನೆ ಬಿಟ್ಟಳು. ಸನ್ಯಾಸದ ಗುರುತಾಗಿ ಫ್ರಾನ್ಸಿಸ್ ಅವಳ ಕೂದಲು ಕತ್ತರಿಸಿದ. ಎಳೆದುಕೊಂಡು ಹೋಗಲು ನೆಂಟರು ಬಂದಾಗ ಅವಳು ಒಂದು ಕೈಯಲ್ಲಿ ಬಲಿಪೀಠದ ಬಟ್ಟೆ ಹಿಡಿದು, ತಲೆ ಮೇಲಿನ ಮುಸುಕು ಸರಿಸಿ ಬೋಳು ತಲೆ ತೋರಿಸಿದಳು. ಅವರು ವಾಪಸ್ ಹೋಗಬೇಕಾಯಿತು. ಮುಂದೆ ಊರ ಹೊರಗಿನ ಸಾನ್ ದಾಮಿಯಾನೋದಲ್ಲಿ ಅವಳ ಕನ್ಯಾಮಠ ಬೆಳೆಯಿತು. ತಂಗಿ ಬಂದಳು, ಆಮೇಲೆ ಹೆತ್ತ ತಾಯಿಯೂ ಬಂದಳು.

ಅವಳ ನಿಜವಾದ ಹೋರಾಟ ಇಲ್ಲಿಂದ ಶುರು. ಆಗಿನ ಮಠಗಳು ಜಮೀನು, ಗೇಣಿ, ಹುಡುಗಿಯರು ತರುವ ವರದಕ್ಷಿಣೆ ಇವುಗಳಿಂದ ನಡೆಯುತ್ತಿದ್ದವು. ಕ್ಲಾರಾ ಏನೂ ಬೇಡ ಎಂದಳು. ಮಠ ಸೇರುವವಳು ಇದ್ದುದನ್ನು ಮಾರಿ ಬಡವರಿಗೆ ಹಂಚಿ ಬರಲಿ, ನಾವು ದುಡಿದು, ಬೇಡಿ ತಿನ್ನುತ್ತೇವೆ ಅಂತ. ಹೊರಗೆ ಕಾಲಿಡದ ಹೆಂಗಸರು ಉಪವಾಸ ಬಿದ್ದಾರು ಅಂತ ಪೋಪ್ 9ನೇ ಗ್ರೆಗರಿಗೆ ಭಯ. ಆಸ್ತಿ ತಗೊಳ್ಳಿ, ವ್ರತ ಅಡ್ಡ ಬಂದರೆ ಅದರಿಂದ ಬಿಡಿಸುತ್ತೇನೆ ಎಂದ. ಪಾಪದಿಂದ ಬಿಡಿಸಿ ಸಾಕು, ಕ್ರಿಸ್ತನ ಹಿಂದೆ ನಡೆಯುವುದರಿಂದ ಬಿಡಿಸಬೇಡಿ ಎಂದಳು. ಕೊನೆಗೆ 1228ರಲ್ಲಿ ಅವನೇ ಬರೆದುಕೊಟ್ಟ: ಆಸ್ತಿ ತಗೊಳ್ಳಿ ಅಂತ ಇವರನ್ನು ಯಾರೂ ಬಲವಂತ ಮಾಡುವಂತಿಲ್ಲ. ಏನೂ ಇಲ್ಲದಿರುವ ಹಕ್ಕನ್ನು ಕೇಳಿ ಪಡೆದವಳು ಅವಳು! ಎರಡು ವರ್ಷದ ಮೇಲೆ, ತನ್ನ ಅಪ್ಪಣೆ ಇಲ್ಲದೆ ಫ್ರಾನ್ಸಿಸ್‌ನ ‘ಸೋದರರು’, ಅಂದರೆ ಅವನ ಪಂಥದ ಸನ್ಯಾಸಿಗಳು, ಮಠಕ್ಕೆ ಬೋಧನೆಗೆ ಹೋಗಬಾರದು ಎಂದು ಪೋಪ್ ತಡೆದಾಗ, ಆತ್ಮಕ್ಕೆ ಅನ್ನ ಕೊಡುವವರು ಬೇಡವಾದರೆ ಹೊಟ್ಟೆಗೆ ಅನ್ನ ತರುವವರೂ ಬೇಡ ಅಂತ ಭಿಕ್ಷೆ ತರುವ ಸೋದರರನ್ನೂ ಕಳಿಸಿಬಿಟ್ಟಳು. ಪೋಪ್ ಮಣಿದ.

ಇಷ್ಟೆಲ್ಲ ಮಾಡಿದ್ದು ಜಾಸ್ತಿ ಹಾಸಿಗೆಯಲ್ಲಿದ್ದುಕೊಂಡೇ. ಸುಮಾರು 28 ವರ್ಷ ಕಾಯಿಲೆ. ದಿಂಬಿಗೆ ಒರಗಿಸಿ ಕೂರಿಸಿದರೆ ಸುತ್ತಲಿನ ಬಡ ಚರ್ಚುಗಳ ಬಲಿಪೀಠಕ್ಕೆ ಬಟ್ಟೆ ಹೊಲಿಯುತ್ತಿದ್ದಳಂತೆ. ತನ್ನ ಮಠದ ನಿಯಮಾವಳಿಯನ್ನೂ ತಾನೇ ಬರೆದಳು. ಹೆಂಗಸೊಬ್ಬಳು ಹೆಂಗಸರಿಗಾಗಿ ಬರೆದು ಪೋಪ್ ಒಪ್ಪಿದ ಮೊದಲ ನಿಯಮಾವಳಿ ಅದು. ಆಗಿನ ಪೋಪ್ 4ನೇ ಇನ್ನೊಸೆಂಟ್ ಮುದ್ರೆ ಒತ್ತಿದ್ದು 1253ರ ಆಗಸ್ಟ್ 9ಕ್ಕೆ. ಅವಳು ಕಣ್ಣು ಮುಚ್ಚಿದ್ದು 11ಕ್ಕೆ.

ನಿಯಮಾವಳಿಯ ಆ ಮೂಲ ಪತ್ರ ಎಲ್ಲೋ ಹೋಯಿತು ಅಂತಲೇ ಎಲ್ಲರೂ ಅಂದುಕೊಂಡಿದ್ದರು. 1893ರಲ್ಲಿ ಅದು ಅವಳ ಬಟ್ಟೆಯೊಳಗೇ ಸಿಕ್ಕಿತು. ಹಿಂಬದಿಯಲ್ಲಿ ಯಾರೋ ಗುರುತು ಹಾಕಿಟ್ಟಿದ್ದಾರೆ: ಕ್ಲಾರಾ ಇದನ್ನು ಮುಟ್ಟಿ ಮುಟ್ಟಿ, ಮತ್ತೆ ಮತ್ತೆ ಮುತ್ತಿಟ್ಟಳು.