ಅಕ್ಕನ ಮಗನ ಹಸಿವು

ಯುಗಾದಿಗೆ ದಾವಣಗೆರೆಗೆ ಹೋದಾಗ ಅಕ್ಕ ಹಿಗ್ಗಿ ಹೇಳಿದಳು: "ನೋಡೋ, ಈಗೀಗ ಹುಡುಗ ಎಷ್ಟು ಚೆನ್ನಾಗಿ ಉಣ್ತಾನೆ." ರಾತ್ರಿ ಹೊಟ್ಟೆತುಂಬ ಉಂಡು ರೂಮಿಗೆ ಹೋದವನು ಅರ್ಧ ಗಂಟೆಯೊಳಗೆ ಅಡುಗೆಮನೆಗೆ ವಾಪಸ್ ಬಂದು ನಿಂತಲ್ಲೇ ನಾಲ್ಕು ಹೋಳಿಗೆ ತಿಂದ. ಕೈ ನಡುಗುತ್ತಿತ್ತು. ನನಗೆ ಅನುಮಾನ ಬಂತು.

ಫ್ರಿಜ್ಜಿನಲ್ಲಿ ಬೆಣ್ಣೆ ಡಬ್ಬಿಯ ಹಿಂದೆ ಹೆಬ್ಬೆರಳಿನಷ್ಟು ಸಣ್ಣ ಗಾಜಿನ ಸೀಸೆ. ತಳದಲ್ಲಿ ಬಿಳಿ ಪುಡಿ, ಚೀಟಿಯ ಮೇಲೆ 'ಜಿಎಚ್‌ಆರ್‌ಪಿ-6', ಅಷ್ಟೇ. ತಯಾರಕರ ಹೆಸರಿಲ್ಲ, ಬ್ಯಾಚ್ ನಂಬರಿಲ್ಲ. ಜಿಮ್ಮಿನಲ್ಲಿ ಯಾರೋ ಮಾರಿದರಂತೆ.

ಬೆಂಗಳೂರಿನ ಲ್ಯಾಬಿನಲ್ಲಿ ಪೆಪ್ಟೈಡ್, ಅಂದರೆ ಅಮೈನೋ ಆಮ್ಲಗಳ ಪುಟ್ಟ ಸರಪಳಿ, ಕಟ್ಟುವುದೇ ನನ್ನ ಕೆಲಸ. ಅವನನ್ನು ಮಹಡಿಗೆ ಕರೆದುಕೊಂಡು ಹೋಗಿ ಕೂರಿಸಿದೆ.

ಜಿಎಚ್‌ಆರ್‌ಪಿ-6 ಎಂಬುದು ಗ್ರೋತ್ ಹಾರ್ಮೋನ್ (ಬೆಳವಣಿಗೆಯ ಹಾರ್ಮೋನು) ಅಲ್ಲ. ಮೆದುಳಿನ ಬುಡದಲ್ಲಿ ಕಡಲೆಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿ ತನ್ನಲ್ಲಿರುವ ಆ ಹಾರ್ಮೋನನ್ನು ರಕ್ತಕ್ಕೆ ಬಿಡುವಂತೆ ಮಾಡುವ, ಆರೇ ಅಮೈನೋ ಆಮ್ಲಗಳ ಸರಪಳಿ. ಆ ಹಾರ್ಮೋನು ಯಕೃತ್ತಿಗೆ ತಲುಪಿದರೆ ಐಜಿಎಫ್-1 ಎಂಬ ಇನ್ನೊಂದು ಹಾರ್ಮೋನು ಹುಟ್ಟುತ್ತದೆ. ಬೆಳವಣಿಗೆಯ ಬಹುಪಾಲು ಕೆಲಸ ಅದರದ್ದು. ಪಿಟ್ಯುಟರಿಯಿಂದ ಇದೇ ಕೆಲಸ ಮಾಡಿಸುವ ಸರ್ಮೊರೆಲಿನ್‌ನಂಥ ಪೆಪ್ಟೈಡುಗಳು ಬೇರೆ ದಾರಿ ಹಿಡಿಯುತ್ತವೆ. ಪಿಟ್ಯುಟರಿಯ ಮೇಲಿರುವ ಮೆದುಳಿನ ಭಾಗವಾದ ಹೈಪೋಥಲಾಮಸ್ ಅದಕ್ಕೆ ಕಳಿಸುವ 44 ಅಮೈನೋ ಆಮ್ಲಗಳ ಸಂದೇಶದಲ್ಲಿ ಮೊದಲ 29 ಇದ್ದರೇ ಸಾಕು, ಸರ್ಮೊರೆಲಿನ್ ಅಂದರೆ ಆ 29.

ಜಿಎಚ್‌ಆರ್‌ಪಿ-6 ಸೇರಿದ ಜಿಎಚ್‌ಆರ್‌ಪಿ ಗುಂಪಿನ ಕಥೆ ನನಗೆ ಇಂದಿಗೂ ಬೆರಗು. ಅಮೆರಿಕದ ಸಿರಿಲ್ ಬೋವರ್ಸ್, ದೇಹದ್ದೇ ನೋವುನಿವಾರಕವಾದ ಎನ್‌ಕೆಫಲಿನ್ ಅನ್ನು ತಿದ್ದುತ್ತಾ ಹೋಗಿ ಇವನ್ನು ಕಂಡುಕೊಂಡರು. ಇವು ಜೀವಕೋಶದ ಯಾವ ರಿಸೆಪ್ಟರಿಗೆ (ಸಂದೇಶ ಹಿಡಿಯುವ ಅಣುವಿಗೆ) ಅಂಟುತ್ತವೆ ಎಂದು ಗೊತ್ತಾದದ್ದು 1996ರಲ್ಲಿ. ಆ ರಿಸೆಪ್ಟರಿಗೆ ದೇಹದ್ದೇ ಆದ ಹಾರ್ಮೋನು ಯಾವುದೆಂದು ಜಪಾನಿನ ಕೊಜಿಮಾ ಮತ್ತು ಕಂಗಾವಾ 1999ರಲ್ಲಿ ಹುಡುಕಿದರು. ಸಿಕ್ಕಿದ್ದು ಇಲಿಯ ಜಠರದಲ್ಲಿ! ಅದೇ ಗ್ರೆಲಿನ್, ಹಸಿವಿನ ಹಾರ್ಮೋನು.

"ಮಾಮ, ಹಂಗಾದ್ರೆ ನನ್ನ ಹಸಿವು..."

"ಹೂಂ, ಇದರದ್ದೇ."

ಅವನಿಗೆ ಹೇಳಲೇಬೇಕಾದ ಇನ್ನೊಂದು ಮಾತಿತ್ತು. ನಾವು ಲ್ಯಾಬಿನಲ್ಲಿ ರೆಸಿನ್ ಎಂಬ ಪ್ಲಾಸ್ಟಿಕ್‌ನಂಥ ಪುಟ್ಟ ಮಣಿಗಳ ಮೇಲೆ ಒಂದೊಂದೇ ಅಮೈನೋ ಆಮ್ಲ ಪೋಣಿಸುತ್ತೇವೆ. ಪ್ರತಿ ಸಲವೂ ಕೆಲವು ಸರಪಳಿಗಳಿಗೆ ಹೊಸದು ಕೂಡುವುದೇ ಇಲ್ಲ, ಒಂದು ಕೊಂಡಿ ತಪ್ಪಿದ ತುಂಡುಗಳು ಉಳಿಯುತ್ತವೆ. ಜೊತೆಗೆ ದ್ರಾವಕದ, ಆಮ್ಲದ ಶೇಷ. ಅವನ್ನೆಲ್ಲ ತೆಗೆಯುವುದಕ್ಕೇ ದಿನಗಟ್ಟಲೆ ಕಾಲಮ್ (ಬೇರ್ಪಡಿಸುವ ಕೊಳವೆ) ಓಡಿಸುತ್ತೇವೆ. ಶುದ್ಧವಾದದ್ದೂ ಕೊಳಕಾದದ್ದೂ ಒಣಗಿಸಿದ ಮೇಲೆ ಒಂದೇ ಥರದ ಬಿಳಿ ಪುಡಿ. ಮೂವತ್ತು ಸಾವಿರ ಖರ್ಚು ಮಾಡಿ ಹೊಟ್ಟೆಯ ಚರ್ಮದ ಕೆಳಗೆ ಏನು ಚುಚ್ಚಿಕೊಂಡ ಎಂದು ಹೇಳಲು ನನ್ನಿಂದಲೂ ಆಗಲಿಲ್ಲ.

ಕಾಲೇಜು ಕಬಡ್ಡಿ ತಂಡದಲ್ಲಿದ್ದಾನೆ. ಈ ಬಗೆಯ ಪೆಪ್ಟೈಡುಗಳೆಲ್ಲ ಕ್ರೀಡೆಯಲ್ಲಿ ಉದ್ದೀಪನ ಮದ್ದು ತಡೆಯುವ ವಿಶ್ವಸಂಸ್ಥೆಯಾದ ವಾಡಾದ ನಿಷೇಧದ ಪಟ್ಟಿಯಲ್ಲಿವೆ ಎಂದಾಗ ಮುಖ ಬಿಳಿಚಿಕೊಂಡಿತು. ಗ್ರೋತ್ ಹಾರ್ಮೋನು ಹೆಚ್ಚಾದರೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ಸಕ್ಕರೆ ಏರಬಹುದು, ನಮ್ಮ ತಂದೆಗೂ ಡಯಾಬಿಟಿಸ್ ಇತ್ತು. ನನಗೆ ಹೆಚ್ಚು ಹೆದರಿಕೆ ಆಗಿದ್ದು ಅದರದ್ದೇ.

ಅಕ್ಕನಿಗೆ ಅವನೇ ಹೇಳಿದ. ಅವಳು ಬೈಯಲಿಲ್ಲ, ತುಂಬಾ ಹೊತ್ತು ಅವನ ಬೆನ್ನು ಸವರುತ್ತಾ ಕೂತಿದ್ದಳು. ಸೋಮವಾರ ಬೆಳಿಗ್ಗೆ ಅವನನ್ನು ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋಗಿ ಸಕ್ಕರೆ, ಐಜಿಎಫ್-1 ಎರಡಕ್ಕೂ ರಕ್ತ ಕೊಡಿಸಿದೆ. ಸೀಸೆ ನನ್ನ ಬ್ಯಾಗಿನಲ್ಲಿತ್ತು, ಡಾಕ್ಟರಿಗೆ ತೋರಿಸಲು.