ಮತ್ತೆ ಗರಡಿಗೆ: ಆರನೆಯ ವಾರ

12 ನವೆಂಬರ್ 2025, ಬುಧವಾರ
ಮೈಸೂರು

ಬೆಳಿಗ್ಗೆ ಗರಡಿಯಲ್ಲಿ 12 ದಂಡ (ಅಂಗೈ ಊರಿ ಎದೆಯನ್ನು ನೆಲದ ಹತ್ತಿರಕ್ಕಿಳಿಸಿ ಏಳುವ ಸಾಮು) ಹೊಡೆದು ಎದ್ದಾಗ ಉಸಿರು ಏರಿರಲಿಲ್ಲ. ತೋಳು ಹಗುರವಾಗಿತ್ತು, ಇನ್ನಷ್ಟು ಹೊಡೆ ಎಂದು ಮೈ ಕೇಳುತ್ತಿತ್ತು. ಹೊಡೆಯಲಿಲ್ಲ. ಗೋಡೆಗೆ ಒರಗಿ ಎರಡು ನಿಮಿಷ ನಿಂತು, ಮತ್ತೆ 12 ಹೊಡೆದೆ. ಹೀಗೆ ನಾಲ್ಕು ಸುತ್ತು. ಹೀಗೆ ನಿಲ್ಲುವುದನ್ನು ಕಲಿಯಲು ಒಂದು ತಿಂಗಳಿಗೂ ಮಿಕ್ಕಿ ಹಿಡಿಯಿತು. ಅದಕ್ಕೇ ಬರೆದಿಡುತ್ತಿದ್ದೇನೆ.

ಫೆಬ್ರುವರಿಯ ಕೊನೆಯಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ, ಆರೈಕೆ, ಕಚೇರಿ ಎಂದು ಏಳು ತಿಂಗಳು ನಾನು ಗರಡಿಯ ಕಡೆ ತಲೆ ಹಾಕಲಿಲ್ಲ. ಅದಕ್ಕೆ ಮೊದಲು ದಿನಕ್ಕೆ 100 ದಂಡ, 200 ಬಸ್ಕಿ ಹೊಡೆಯುತ್ತಿದ್ದೆ. ತಾರಸಿಯ ಕಬ್ಬಿಣದ ಕಂಬಿಗೆ ಜೋತು ಎಂಟು ಸಲ ಗದ್ದವನ್ನು ಮೇಲೇರಿಸುತ್ತಿದ್ದೆ.

ದಸರಾ ಕುಸ್ತಿ ನೋಡಿ ಬಂದ ಮೇಲೆ ಸುಮ್ಮನಿರಲಾಗಲಿಲ್ಲ. ವಿಜಯದಶಮಿಯ ಮರುದಿನ, ಅಕ್ಟೋಬರ್ 3ರಂದು, ಕುಸ್ತಿಯ ಕಣದ ಮಣ್ಣಾದ ಮಟ್ಟಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡು ಶುರು ಮಾಡಿದವನು 60 ದಂಡ, 120 ಬಸ್ಕಿ ಮುಗಿಸಿಯೇ ಎದ್ದೆ. ಮೂರನೆಯ ದಿನ ಮೆಟ್ಟಿಲಿಳಿಯಲು ಎರಡೂ ಕೈಯಲ್ಲಿ ಗೋಡೆ ಹಿಡಿಯಬೇಕಾಯಿತು. ಊಟಕ್ಕೆ ನೆಲದ ಮೇಲೆ ಕೂರಲಾಗಲಿಲ್ಲ. ಎದ್ದ ಕೂಡಲೇ ಎಣಿಸುವ ನಾಡಿ ಬಡಿತ ನನಗೆ ಸಾಮಾನ್ಯವಾಗಿ 62. ಆ ವಾರ 74ಕ್ಕೆ ಏರಿತ್ತು. ಮೈಕೈ ನೋವಷ್ಟಕ್ಕೇ ಮುಗಿದದ್ದು ನನ್ನ ಪುಣ್ಯ. ಬಿಡುವಿನ ಬಳಿಕ ಒಮ್ಮೆಲೇ ನೂರಾರು ಬಸ್ಕಿ ಹೊಡೆದು, ಸ್ನಾಯು ಒಡೆದು ರಕ್ತಕ್ಕೆ ಸೇರಿ, ಮೂತ್ರಪಿಂಡಕ್ಕೆ ಪೆಟ್ಟಾಗುವುದುಂಟು. ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಇದನ್ನು ಓದುವವರು ಬೇರೇನನ್ನು ಮರೆತರೂ ಇದನ್ನು ಮರೆಯಬೇಡಿ.

ಗರಡಿಯಲ್ಲಿ ಕಲಿಸುವ ಉಸ್ತಾದರು ಬೈಯಲಿಲ್ಲ. "ಎಷ್ಟು ಹೊಡೆದೆ ಎಂದು ನಾನು ಕೇಳುವುದಿಲ್ಲ. ಕೊನೆಯದು ಮೊದಲಿನದರ ಹಾಗೇ ಇತ್ತೇ, ಅದನ್ನು ಹೇಳು" ಎಂದರು. ಇರಲಿಲ್ಲ. ಕೊನೆಯ ಇಪ್ಪತ್ತು ದಂಡಗಳಲ್ಲಿ ಎದೆ ನೆಲದ ಹತ್ತಿರಕ್ಕೂ ಹೋಗಿರಲಿಲ್ಲ, ಸೊಂಟ ಜೋಲು ಬಿದ್ದಿತ್ತು.

ಒಂದು ವಾರ ಬರಿಯ ನಡಿಗೆ. ಆಮೇಲೆ ಒಂದೊಂದು ಸುತ್ತಿನಲ್ಲಿ 6 ದಂಡ, 10 ಬಸ್ಕಿಯಿಂದ ಹೊಸದಾಗಿ ಶುರು ಮಾಡಿದೆ. ಬಲ ಮರಳಿದ ವೇಗ ನೋಡಿ ನನಗೇ ಬೆರಗಾಯಿತು. ಹಿಂದೊಮ್ಮೆ ಬೆಳೆಸಿದ ಬಲವನ್ನು ನರಗಳು ಪೂರ್ತಿ ಮರೆಯುವುದಿಲ್ಲ. ಸ್ನಾಯುವಿಗೂ ಒಂದು ನೆನಪಿರಬಹುದು: 2010ರಲ್ಲಿ ಓಸ್ಲೊ ವಿಶ್ವವಿದ್ಯಾಲಯದ ಸಂಶೋಧಕರು ಇಲಿಗಳಲ್ಲಿ ನೋಡಿದಂತೆ, ದುಡಿಮೆಯಿಂದ ಸ್ನಾಯು ಎಳೆಗಳಲ್ಲಿ ಹೆಚ್ಚಿದ ಕೋಶಕೇಂದ್ರಗಳು ಸ್ನಾಯು ಸೊರಗಿದ ಮೇಲೂ ಉಳಿದಿದ್ದವು. ಮನುಷ್ಯರಲ್ಲಿಯೂ ಹೀಗೆಯೇ ಎಂಬ ಬಗ್ಗೆ ಚರ್ಚೆ ಇನ್ನೂ ನಡೆದಿದೆ.

ಆದರೆ ಈ ವೇಗವೇ ನನ್ನನ್ನು ಎರಡನೆಯ ಸಲ ಕೆಡವಿತು. ನವೆಂಬರ್ 1, ರಾಜ್ಯೋತ್ಸವದ ರಜೆ. ಕಂಬಿಯ ಮೇಲೆ ಐದು ಸಲ ಸಲೀಸಾಗಿ ಏರಿದೆ. ಖುಷಿಗೆ ಇನ್ನೊಂದು ಸುತ್ತು, ಮತ್ತೊಂದು ಸುತ್ತು. ಮರುದಿನ ಅಮ್ಮನ ಒದ್ದೆ ಸೀರೆ ಹಿಂಡುವಾಗ ಬಲ ಮೊಣಕೈಯ ಒಳಬದಿಯಲ್ಲಿ ಸೂಜಿ ಚುಚ್ಚಿದಂತಾಯಿತು. ಸ್ನಾಯು ನೋಯುತ್ತಿರಲಿಲ್ಲ, ಅದು ಮೂಳೆಯನ್ನು ಹಿಡಿಯುವ ಜಾಗ ನೋಯುತ್ತಿತ್ತು. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುವಿಗೆ ರಕ್ತ ಹರಿಯುವುದು ಕಡಿಮೆ. ಸ್ನಾಯು ವಾರಗಳಲ್ಲಿ ಸಿದ್ಧವಾದರೆ ಅದು ತಿಂಗಳುಗಳನ್ನು ಬೇಡುತ್ತದೆ. ಮೈ ಸೋತಿದ್ದ ಮೊದಲ ವಾರದಲ್ಲಿ ನೋವು ಕೂಡಲೇ ಎಚ್ಚರಿಸಿತ್ತು. ಬಲ ಬಂದಿದೆ ಎನಿಸಿದ ಐದನೆಯ ವಾರದಲ್ಲಿ ಎಚ್ಚರಿಸುವವರು ಯಾರೂ ಇರಲಿಲ್ಲ.

ಈಗ ಕಂಬಿ ಏರುವುದನ್ನು ಬಿಟ್ಟಿದ್ದೇನೆ. ಸ್ಟೂಲಿನ ಮೇಲೆ ನಿಂತು ಗದ್ದವನ್ನು ಕಂಬಿಯ ಮೇಲಿಟ್ಟುಕೊಂಡು, ಐದು ಎಣಿಸುತ್ತ ಮೆಲ್ಲಗೆ ಇಳಿಯುತ್ತೇನೆ. ಅದೂ ನೋವು ಕಾಣಿಸದಿದ್ದರೆ, ಮೂರೇ ಸಲ. ದಂಡ, ಬಸ್ಕಿ ಸೋಮವಾರ, ಬುಧವಾರ, ಶುಕ್ರವಾರ ಮಾತ್ರ. ಇನ್ನೂ ಮೂರು ಹೊಡೆಯಬಲ್ಲೆ ಎನಿಸಿದಾಗಲೇ ಸುತ್ತು ಮುಗಿಯಬೇಕು. ಇಂದಿನ 12 ಆ ಲೆಕ್ಕಕ್ಕಿಂತಲೂ ಕಡಿಮೆಯೇ. ಮೊಣಕೈ ನೋಡಿಕೊಂಡು ಇಟ್ಟ ಸಂಖ್ಯೆ ಅದು. ಮುಂದಿನ ವಾರ ಎಲ್ಲ ಸರಿಯಿದ್ದರೆ ಸುತ್ತಿಗೆ ಒಂದೇ ಒಂದು ಹೆಚ್ಚಿಸುತ್ತೇನೆ. ಬೆಳಗಿನ ನಾಡಿ 70 ದಾಟಿದರೆ, ಅಥವಾ ರಾತ್ರಿ ನಿದ್ದೆ ಕೆಟ್ಟಿದ್ದರೆ, ಗರಡಿಯ ಬದಲು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಂದು ಸುತ್ತು ನಡಿಗೆ. ಊಟದಲ್ಲಿ ಹುರುಳಿಕಾಳು, ಮೊಟ್ಟೆ ಹೆಚ್ಚಾಗಿವೆ, ಅಷ್ಟೇ.

ಮನೆಗೆ ಬಂದಾಗ ಅಮ್ಮ ಕುರ್ಚಿಯಿಂದ ಏಳುವ ವ್ಯಾಯಾಮ ಮಾಡುತ್ತಿದ್ದಳು. ಫಿಸಿಯೊಥೆರಪಿಯವರು ಕಲಿಸಿಕೊಟ್ಟದ್ದು. ಎರಡು ಪಾದಗಳನ್ನು ಹಿಂದಕ್ಕೆ ಎಳೆದುಕೊಂಡು, ಎದೆಯನ್ನು ಮುಂದೆ ಬಾಗಿಸಿ, ತುಟಿ ಬಿಗಿದು ಎದ್ದಳು. ಕುರ್ಚಿಯ ತೋಳಿನ ಮೇಲೆ ಕೈ ಇರಲಿಲ್ಲ.

"ಇವತ್ತು ಕೈ ಊರದೆ ಆರು ಸಲ ಎದ್ದೆ. ಸಾಕು, ಕಾಫಿ ಕೊಡು" ಎಂದಳು.

ಕಾಫಿ ಕೊಟ್ಟು, ನನ್ನ ಲೆಕ್ಕದ ಪುಸ್ತಕ ತೆಗೆದು ಇಂದಿನದನ್ನು ಬರೆದೆ: ದಂಡ 48, ಬಸ್ಕಿ 80, ಅಮ್ಮ 6.